ಅಬಿ ಹಿಂದಿರುಗಿಸಿದ ಆರಾ

ನಮ್ಮ ಭೂತಾನದ ಬೆಟ್ಟದೂರಿಗೆ ಮತ ಬಂದದ್ದು ನಾವು ಕೇಳಿ ಅಲ್ಲ, ದೊರೆಯೇ ಕೊಟ್ಟು. ಕೊಟ್ಟಾಗ, ದೊರೆ ನಮ್ಮ ಕೈ ಬಿಟ್ಟರೆಂದು ಹಿರಿಯರು ಅತ್ತರು. ನಿಜದ ಚುನಾವಣೆಯ ಹಿಂದಿನ ವರ್ಷ ಅಭ್ಯಾಸಕ್ಕೆಂದು ಒಂದು ಚುನಾವಣೆ ಆಡಿಸಿದ್ದರು. ಅದರಲ್ಲಿ ಪಕ್ಷಗಳ ಬದಲು ಬಣ್ಣಗಳಿದ್ದವು. ದೊರೆಯ ಹೆಗಲ ವಸ್ತ್ರದ ಬಣ್ಣ ಹಳದಿಯಲ್ಲವೇ, ಊರಿಗೆ ಊರೇ ಯಂತ್ರದ ಹಳದಿ ಗುಂಡಿ ಒತ್ತಿ ಕೈಮುಗಿದು ಬಂತು. ನಮ್ಮ ಪಂಚಾಂಗದ ಇಲಿಯ ವರ್ಷದಲ್ಲಿ ನಿಜದ ಚುನಾವಣೆ ಬಂದಾಗ ಬಣ್ಣಗಳಿರಲಿಲ್ಲ. ಇದ್ದದ್ದು ಎರಡು ಪಕ್ಷ, ಎರಡರಲ್ಲೂ ನಮ್ಮವರೇ.

ನಾನು ಊರ ಗುಡಿಯ ದೀಪ ನೋಡಿಕೊಳ್ಳುವ ಸಂಸಾರಿ ಗುರು. ಧರ್ಮದ ಕೆಂಪು ಬಟ್ಟೆ ಹೊದ್ದ ನನ್ನಂಥವರಿಗೆ ಮತವಿಲ್ಲ, ರಾಜಕೀಯದ ಮಾತೂ ಸಲ್ಲದು. ಅದಕ್ಕೇ ಇರಬೇಕು, ಜೋಳ ಬಿತ್ತುವ ಮುಂಚೆ ಒಂದು ಬೆಳಿಗ್ಗೆ ಅಬಿ ಯೆಶೇ ಪೆಲ್ಡನ್ ನನ್ನ ಹತ್ತಿರ ಬಂದಳು. ಅಬಿ ಎಂದರೆ ಅಜ್ಜಿ. ಮಕ್ಕಳಿಲ್ಲದ ಅವಳು ಊರಿಗೆಲ್ಲ ಅಬಿ. ಮಗ್ಗದಲ್ಲಿ ಕೂತರೆ ಅವಳ ಬಟ್ಟೆಯ ಮೇಲೆ ಹೂವು ತಾನಾಗಿ ಅರಳುತ್ತಿತ್ತು. ಯಾರಿಗೂ ಇಲ್ಲ ಎಂದವಳಲ್ಲ.

"ಲೋಪೋನ್," ಎಂದಳು. ಗುರುವನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. "ಬಾಯಿ ಒಂದು, ಕುಡಿದದ್ದು ಎರಡು ಸೀಸೆ. ಈಗ ಏನ್ ಮಾಡ್ಲಿ?"

ನಮ್ಮ ಕಡೆ ಒಬ್ಬರಿಂದ ಕೆಲಸವಾಗಬೇಕಾದರೆ ಮನೆಯಲ್ಲೇ ಭಟ್ಟಿ ಇಳಿಸಿದ ಜೋಳದ ಆರಾ ತುಂಬಿದ ಸೀಸೆ ಹಿಡಿದು ಹೋಗಬೇಕು. ಅವರು ಕುಡಿದರೆ ಒಪ್ಪಿದಂತೆ, ಮತ್ತೆ ಮಾತಿಲ್ಲ. ಮೊದಲು ಅವಳ ಅಣ್ಣನ ಮಗ ಲೇಕಿ ತನ್ನ ಪಕ್ಷಕ್ಕೆ ಮತ ಕೇಳಲು ಬಂದಿದ್ದ. ಅವಳ ಹೊಲ ಉಳುವುದು ಅವನ ಎತ್ತುಗಳೇ. ಆಮೇಲೆ ಇನ್ನೊಂದು ಪಕ್ಷದ ಜುರ್ಮೆ ಬಂದ. ಅಬಿಯ ಗಂಡ ಕಾಯಿಲೆ ಬಿದ್ದಾಗ ಹಿಮದಲ್ಲಿ ಬೆನ್ನ ಮೇಲೆ ಹೊತ್ತು ರಸ್ತೆಗಿಳಿಸಿದವನು ಅವನು. ಇಬ್ಬರ ಸೀಸೆಯನ್ನೂ ಅಬಿ ಮರ್ಯಾದೆಗೆಂದು ಕುಡಿದಿದ್ದಳು.

"ಯಾರಿಗೆ ಮತ ಒತ್ತಿದ್ರೂ ಇನ್ನೊಬ್ಬರಿಗೆ ಸುಳ್ಳಾಡಿದ ಹಾಗೇ. ಸತ್ತ ಮೇಲೆ ಯಮಧರ್ಮ ತಕ್ಕಡಿ ಹಿಡೀತಾನಲ್ಲ, ನನ್ನ ಪಾಲಿಗೆ ಪಾಪದ ಕರಿ ಕಲ್ಲು ಬೀಳುತ್ತೆ."

ಒಳಗಿನಿಂದ ನನ್ನ ಹೆಂಡತಿ ಕೂಗಿದಳು: "ಹೊಟ್ಟೆನೋವು ಅಂತ ಮನೇಲೇ ಮಲಕ್ಕೋ ಅಬಿ!"

"ಅದೂ ಸುಳ್ಳೇ ಅಲ್ವೇನೇ? ದೊರೆ ಕೈಯಾರೆ ಕೊಟ್ಟದ್ದನ್ನ ಬಿಟ್ಟು ಮಲಗೋದಾ?"

"ಮತದ ಮಾತು ನಾನಾಡೋ ಹಾಗಿಲ್ಲ ಅಬಿ," ಎಂದೆ. "ಆದ್ರೆ ಕೊಟ್ಟ ಮಾತನ್ನ ಅವರೆದುರೇ ನಿಂತು ವಾಪಸ್ ಕೇಳೋದು ಪಾಪ ಅಂತ ಯಾವ ಗ್ರಂಥದಲ್ಲೂ ಓದಿಲ್ಲ."

"ಪಾಪ ಇಲ್ಲ. ಮರ್ಯಾದೆ?"

"ಅದು ಹೋಗುತ್ತೆ."

ಅವಳು ದೀಪಗಳಿಗೆ ಕೈಮುಗಿದು ಎದ್ದಳು. ಆಮೇಲೆ ಮನೆಗೆ ಹೋಗಿ, ಹಬ್ಬಕ್ಕೆ ಇಟ್ಟಿದ್ದ ಒಳ್ಳೆಯ ಆರಾವನ್ನು ಎರಡು ಸೀಸೆಗೆ ತುಂಬಿಕೊಂಡು ಬಂದಳು. "ನಡೀರಿ. ನೀವು ಮಾತಾಡ್ಬೇಡಿ, ನಿಂತಿದ್ರೆ ಸಾಕು." ಒಪ್ಪಿ ಕುಡಿದದ್ದನ್ನು ಹಿಂದಿರುಗಿಸಲು ಸೀಸೆ ಹಿಡಿದು ಹೊರಟವರನ್ನು ನಮ್ಮ ಬೆಟ್ಟ ಅದುವರೆಗೆ ಕಂಡಿರಲಿಲ್ಲ.

ಮೊದಲು ಜುರ್ಮೆಯ ಮನೆ. ಕೊಟ್ಟ ಮಾತು ವಾಪಸ್ ಬೇಕು ಎಂದು ಅಬಿ ಸೀಸೆ ಮುಂದಿಟ್ಟಾಗ ಅವನ ಮುಖ ಸಣ್ಣಗಾಯಿತು. "ನಿಮ್ಮ ಯಜಮಾನ್ರನ್ನ ಹೊತ್ತದ್ದು ಮರ್ತೋಯ್ತಾ ಅಬಿ?"

"ಮರೀತೀನಾ ಮಗನೇ? ದಿನಾ ನಿನ್ನ ಹೆಸರಲ್ಲಿ ದೀಪ ಹಚ್ತೀನಿ. ಆ ಋಣ ದೀಪದಲ್ಲಿ ತೀರ್ಲಿ, ಇದ್ರಲ್ಲಿ ಬೇಡ."

ಅವನು ಸೀಸೆಯನ್ನೇ ನೋಡಿದ. ಕೊನೆಗೆ ಬಟ್ಟಲಿಗೆ ಬಗ್ಗಿಸಿಕೊಂಡು ಕುಡಿದು, "ಆರಾ ಮಾತ್ರ ನಂದಕ್ಕಿಂತ ಚೆನ್ನಾಗಿದೆ," ಎಂದ. ಒಂದು ಮಾತು ಬಿಡುಗಡೆಯಾಯಿತು.

ಆಮೇಲೆ ಲೇಕಿಯ ಮನೆ. ಅವನು ಸೀಸೆ ಮುಟ್ಟಲಿಲ್ಲ. "ಅಂದ್ರೆ ಅವರಿಗೇ ಒತ್ತೋದು ಅಂತಾಯ್ತು."

"ಅದನ್ನೂ ಹೇಳ್ಲಿಲ್ಲ."

"ಮತ್ತೆ ಯಾರಿಗೆ? ಹೇಳು ಅತ್ತೆ!"

"ಹೇಳಲ್ಲ."

ಆ ಬಾಯಿಂದ ಅಂಥ ಮಾತು! ಲೇಕಿ ಎದ್ದು ನಿಂತ. "ಹಂಗಾದ್ರೆ ನನ್ನ ಎತ್ತು ನಿನ್ನ ಹೊಲಕ್ಕೆ ಬರಲ್ಲ." ಅಬಿ ಸೀಸೆಯನ್ನು ಅವನ ಹೊಸ್ತಿಲ ಮೇಲಿಟ್ಟು ಇಳಿದು ಬಂದಳು.

ಮಾರನೆಯ ದಿನದಿಂದ ಗುದ್ದಲಿ ಹಿಡಿದಳು. ಜುರ್ಮೆ ತನ್ನ ಎತ್ತು ಹೊಡೆದುಕೊಂಡು ಬಂದರೆ, ಬೇಲಿಯ ಹತ್ತಿರವೇ ತಡೆದಳು. "ಬೇಡಪ್ಪ. ನಿನ್ನ ಎತ್ತು ಉತ್ತರೆ ಸಾಲುಸಾಲಲ್ಲೂ ಊರು ನನ್ನ ಮತ ಓದುತ್ತೆ." ಮೆದು ನೂಲು ಹಿಡಿದ ಕೈ ಬೊಬ್ಬೆಯೆದ್ದಿತು. ನಾನು ಸಹಾಯಕ್ಕೆ ಹೋದರೆ, "ನೀವು ಮಂತ್ರ ಹೇಳಿ, ಮಣ್ಣು ನಾನು ನೋಡ್ಕೋತೀನಿ," ಎಂದಳು. ಬಾಗಿದ ಆ ಬೆನ್ನಿಗೆ ನಾನು ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ.

ಮತದ ದಿನ ಊರೆಲ್ಲ ಹೊಸ ಬಟ್ಟೆಯುಟ್ಟು ಶಾಲೆಯ ಮುಂದೆ ಗುಡಿಗೆ ನಿಂತಂತೆ ನಿಂತಿತ್ತು. ನಾನು ಅಂಗಳದ ಹೊರಗೆ ಅಕ್ರೋಟ ಮರದ ಕೆಳಗೆ ಜಪಮಾಲೆ ಎಣಿಸುತ್ತ ಕೂತಿದ್ದೆ. ಅಬಿಯ ಸರದಿ ಬಂತು. ಅವಳು ಬಾಗಿಲ ತನಕ ಹೋದವಳು ಸಾಲು ಬಿಟ್ಟು ಪಕ್ಕಕ್ಕೆ ನಿಂತಳು.

"ಏನಾಯ್ತಜ್ಜಿ, ಒಳಗೆ ಬನ್ನಿ," ಎಂದರು ಅಧಿಕಾರಿ.

"ಬರೋ ಹಾಗಿಲ್ಲ ಸ್ವಾಮಿ. ನನ್ನ ಮಾತು ಇನ್ನೂ ಒಬ್ಬನ ಹತ್ರ ಇದೆ. ಅವನು ಬಿಟ್ರೆ ಬರ್ತೀನಿ. ಇಲ್ಲಾಂದ್ರೆ ಮನೆಗೆ."

ಸಾಲು ಅವಳನ್ನು ದಾಟಿ ದಾಟಿ ಒಳಗೆ ಹೋಯಿತು. ಹೊತ್ತು ಇಳಿಯಿತು. ಮತ ಹಾಕಿ ಆಗಲೇ ಹೊರಬಂದಿದ್ದ ಲೇಕಿ ಅಂಗಳದ ಆಚೆ ತನ್ನವರ ಜೊತೆ ನಿಂತಿದ್ದ. ಒಬ್ಬ ಅವನ ಪಕ್ಕೆಗೆ ತಿವಿದು, "ಸುಮ್ನಿರೋ. ಹೋದ್ರೆ ಹೋಗ್ಲಿ. ನಮಗೆ ಬರದ ಮತ ಅವರಿಗೂ ಬೇಡ," ಎಂದದ್ದು ನನಗೂ ಕೇಳಿಸಿತು. ಲೇಕಿ ತಲೆ ತಗ್ಗಿಸಿದ. ಅಬಿ ಗೋಡೆಗೆ ಒರಗಿದ್ದಳು, ಎರಡೂ ಅಂಗೈಗೆ ಹಳೆಬಟ್ಟೆ ಸುತ್ತಿತ್ತು. ಇನ್ನೇನು ಬಾಗಿಲು ಮುಚ್ಚಬೇಕು ಎನ್ನುವಾಗ ಅಬಿ ನಿಟ್ಟುಸಿರು ಬಿಟ್ಟು ಮನೆಯ ದಾರಿಗೆ ಹೊರಳಿದಳು.

"ಅತ್ತೆ!" ಲೇಕಿ ಕೂಗಿದ. ಅಂಗಳವೆಲ್ಲ ತಿರುಗಿ ನೋಡಿತು. "ಕುಡಿದ್ಬಿಟ್ಟೆ."

"ಏನು?"

"ನೀನು ಹೊಸ್ತಿಲ ಮೇಲೆ ಇಟ್ಟಿದ್ದು. ಆವತ್ತೇ. ನೀನಿನ್ನೂ ಬೇಲಿ ದಾಟಿರ್ಲಿಲ್ಲ."

ನಕ್ಕವರೆಷ್ಟೋ. ಅವನ ಕಡೆಯವನೊಬ್ಬ "ಥೂ ನಿನ್ನ ಬಾಯಿಗೆ!" ಎಂದು ಬೈದ. ಲೇಕಿ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕುಡಿದೆ ಎಂದ ಮೇಲೆ ಮಾತು ಬಿಟ್ಟಂತೆಯೇ.

ಅಬಿ ಹೆಗಲ ವಸ್ತ್ರ ಸರಿಪಡಿಸಿಕೊಂಡು ಒಳಗೆ ಹೋದಳು. ರಟ್ಟಿನ ಮರೆಯ ಹಿಂದೆ ಬಹಳ ಹೊತ್ತು ಇದ್ದಳು. ಆಮೇಲೆ ಯಂತ್ರ ಕುಂಯ್ ಎಂದಿತು. ಯಾರಿಗೆ ಎಂದು ನಾನು ಇಂದಿನವರೆಗೂ ಕೇಳಿಲ್ಲ.

ಹೊರಗೆ ಲೇಕಿ ಕಾದಿದ್ದ. ಅವಳ ಅಂಗೈಯ ಬಟ್ಟೆಯನ್ನೇ ನೋಡುತ್ತ, "ನಾಳೆ ಬೆಳಿಗ್ಗೆ ಎತ್ತು ತರ್ತೀನಿ," ಎಂದ.

"ತಾ," ಎಂದಳು ಅಬಿ. "ಸೀಸೆ ಮಾತ್ರ ತರಬೇಡ."