ಮೊದಲು ಮಾತು, ಆಮೇಲೆ ಪಿಯಾನೋ

ನ್ಯಾನ್ಸಿಗೆ ಆ ಪೋಲೆಂಡಿನವನ ಹೆಸರು ಕೇಳಿದರೇ ಮೈಯೆಲ್ಲ ಉರಿಯುತ್ತಿತ್ತು. ಅವನದೇನೂ ತಪ್ಪಿಲ್ಲ ಪಾಪ, ಸತ್ತು ಎಂಬತ್ತು ವರ್ಷ ದಾಟಿದೆ. ತಪ್ಪೆಲ್ಲ ಅವಳ ಗಂಡ ನಾರ್ಬರ್ಟನದು. ದುಬೈಯ ಹೋಟೆಲೊಂದರ ಲಾಬಿಯಲ್ಲಿ ಇಪ್ಪತ್ತು ವರ್ಷದಿಂದ ಪಿಯಾನೋ ಬಾರಿಸುವವ, ಚರ್ಚಿನಲ್ಲಿ ಕ್ವಾಯರ್ ಮಾಸ್ಟರ್. ಹೋದ ವರ್ಷ ಊರಿನವರ ಸಂಘಕ್ಕೆ ಅಧ್ಯಕ್ಷನೂ ಆದ. ಅಂದಿನಿಂದ ಮೈಕ್ ಸಿಕ್ಕಿದಲ್ಲೆಲ್ಲ ಒಂದೇ ಪುರಾಣ.

"ಪದೆರೆವ್‌ಸ್ಕಿ ಅಂತ ದೊಡ್ಡ ಪಿಯಾನಿಸ್ಟ್ ಇದ್ದ. ತನ್ನ ಪೋಲೆಂಡಿಗೆ ಸ್ವಾತಂತ್ರ್ಯ ಬೇಕು ಅಂತ ಅಮೆರಿಕ ಇಡೀ ಸುತ್ತಿದ. ಮೊದಲು ತನ್ನವರ ಪರವಾಗಿ ಮಾತು, ಆಮೇಲೆ ಪಿಯಾನೋ. ಕಡೆಗೆ ಪ್ರಧಾನಮಂತ್ರಿಯೇ ಆದ!"

ಜನ ಚಪ್ಪಾಳೆ ತಟ್ಟುತ್ತಿದ್ದರು. ತಟ್ಟಲಿಕ್ಕೇನು, ಕೈ ಸವೆಯುತ್ತದಾ?

ಮಾತಾಡುವ ದಿನ ಬಂದೇ ಬಂತು. ಕ್ವಾಯರಿನಲ್ಲಿ ಹಾಡುವ ನೆಲ್ಸನ್, ಅಲ್ ಕೂಜ್‌ನಲ್ಲಿ ವೆಲ್ಡರ್, ಶನಿವಾರ ಅಲ್ ಕುಸೈಸ್‌ನ ಇವರ ಫ್ಲ್ಯಾಟಿಗೆ ಬಂದವನೇ ಬಾಗಿಲಲ್ಲೇ ಅತ್ತುಬಿಟ್ಟ. ಕಿನ್ನಿಗೋಳಿಯಲ್ಲಿ ಅಮ್ಮ ಐಸಿಯುನಲ್ಲಿ. ನಾಳೆ ಸಂಜೆಗೆ ಟಿಕೆಟ್ ಉಂಟು. ಪಾಸ್‌ಪೋರ್ಟ್ ಮಾತ್ರ ಧಣಿಯ ಆಫೀಸಿನ ಲಾಕರಿನಲ್ಲಿ. ಆ ಧಣಿ ಬೇರೆ ಯಾರೂ ಅಲ್ಲ, ನಾಳೆಯ ಸಂಘದ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿ. ಹಾಲ್, ಊಟ ಎಲ್ಲ ಅವನದೇ ಉಪಕಾರ.

"ನಾರ್ಬರ್ಟಣ್ಣ, ನೀವು ಒಂದು ಮಾತು ಹೇಳಿದರೆ ಸಾಕು."

"ಹೇಳುವ, ಹೇಳುವ. ಫಂಕ್ಷನ್ ಒಂದು ಮುಗಿಯಲಿ ಮಾರಾಯ."

"ಅದು ಮುಗಿಯುವಾಗ ರಾತ್ರಿ, ವಿಮಾನ ಊರು ಮುಟ್ಟಿರುತ್ತದೆ!" ನ್ಯಾನ್ಸಿ ಅಡುಗೆಮನೆಯಿಂದಲೇ ಕಿರುಚಿದಳು.

"ನಿನಗೆ ಇದೆಲ್ಲ ಅರ್ಥ ಆಗುವುದಿಲ್ಲ."

ಅರ್ಥ ಆಗುವುದಿಲ್ಲವಂತೆ! ಅವನು ಇಸ್ತ್ರಿಗೆ ಇಟ್ಟ ಕೋಟನ್ನು ಅವಳು ಹಾಗೆಯೇ ಮುದ್ದೆ ಮಾಡಿ ಮೂಲೆಗೆ ಎಸೆದಳು.

ಭಾನುವಾರ ಮಧ್ಯಾಹ್ನ ಹಾಲ್ ತುಂಬಿತ್ತು. ನಿರೂಪಣೆ ಪ್ರತಿವರ್ಷದಂತೆ ನ್ಯಾನ್ಸಿಯದು. ಅತಿಥಿಗೆ ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ. ಊರು ಬಿಟ್ಟು ಸಮುದ್ರ ದಾಟಿದರೂ ನಮ್ಮವರು ಈ ಮೂರನ್ನು ಬಿಟ್ಟವರಲ್ಲ. ಶಾಲು ಹೊದಿಸುವುದು ಕಾರ್ಯದರ್ಶಿ ಅಂತ ಚೀಟಿಯಲ್ಲಿ ಬರೆದಿತ್ತು. ನ್ಯಾನ್ಸಿ ಚೀಟಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು.

"ಶಾಲು ಹೊದಿಸಲು ನೆಲ್ಸನ್ ಬರಬೇಕು."

ನೆಲ್ಸನ್ ವೇದಿಕೆಯ ಮೆಟ್ಟಿಲು ಹತ್ತಿದ. ಧಣಿ ತಲೆ ಬಗ್ಗಿಸಿ ನಗುತ್ತ ನಿಂತ.

"ಹೊದಿಸುವ ಮೊದಲು ಒಂದು ಮಾತು ಸರ್," ಅಂದಳು ನ್ಯಾನ್ಸಿ. "ಇವನ ಅಮ್ಮ ಸಾಯಲಿಕ್ಕೆ ಬಿದ್ದಿದ್ದಾಳೆ. ಇವನ ಪಾಸ್‌ಪೋರ್ಟ್ ನಿಮ್ಮ ಲಾಕರಿನಲ್ಲಿ..."

ಅಷ್ಟರಲ್ಲಿ ಢಣ್ ಅಂತ ಕೀಬೋರ್ಡ್ ಶುರುವಾಯಿತು. ನಾರ್ಬರ್ಟ್! ಹೆಂಡತಿಯ ಮಾತು ಯಾರಿಗೂ ಕೇಳದ ಹಾಗೆ, ವಾಲ್ಯೂಮ್ ತುದಿಗೇರಿಸಿ, ಬೆವರು ಸುರಿಸುತ್ತ ಬಾರಿಸುತ್ತಿದ್ದ. ಅತಿಥಿ ಮತ್ತೆ ಹಲ್ಲು ಕಿರಿದ.

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನ್ಯಾನ್ಸಿಗೆ ಅಂಥ ಸಿಟ್ಟು ಬಂದದ್ದಿಲ್ಲ. ಮೈಕ್ ಕೆಳಗಿಟ್ಟಳು. ಕೀಬೋರ್ಡಿನ ವಯರು ಹಿಡಿದು ಗೋಡೆಯ ತನಕ ನಡೆದು ಪ್ಲಗ್ಗನ್ನು ಕಿತ್ತಳು.

ನಾರ್ಬರ್ಟನ ಬೆರಳುಗಳು ಇನ್ನೂ ಓಡುತ್ತಿದ್ದವು. ಸ್ವರ ಇಲ್ಲ, ಕೀಲಿಗಳ ಟಕ ಟಕ ಮಾತ್ರ.

"ಪ್ರಧಾನಮಂತ್ರಿಗಳೇ," ಅಂದಳು, "ಮೊದಲು ಮಾತು ಅಲ್ವಾ?"

ಅವನು ಕೀಬೋರ್ಡಿನಿಂದ ಕೈ ತೆಗೆದ. ನೆಲ್ಸನ್ ಶಾಲನ್ನು ಎದೆಗೆ ಅಪ್ಪಿಕೊಂಡು ನಿಂತಿದ್ದ. ನಾರ್ಬರ್ಟ್ ಅವನನ್ನೇ ನೋಡಿದ, ಎದ್ದ, ಮೈಕ್ ತೆಗೆದುಕೊಂಡ. ಅವನ ಮುಖ ನಾಚಿಕೆಯಿಂದ ಕೆಂಪಾಗಿತ್ತು.

"ಡ್ರೈವರನ್ನು ಆಫೀಸಿಗೆ ಕಳಿಸಿ ಸರ್. ಪಾಸ್‌ಪೋರ್ಟ್ ಇವನ ಕೈಗೆ ಬರುವ ತನಕ ಕಾರ್ಯಕ್ರಮ ಖಲಾಸ್. ಊಟವನ್ನೂ ನಾವು ಮುಟ್ಟುವುದಿಲ್ಲ."

"ಏನು ತಮಾಷೆಯಾ ಇದು?" ಧಣಿ ಗದರಿದ. ಯಾರೂ ನಗಲಿಲ್ಲ, ಬಿರಿಯಾನಿಯ ಕಡೆ ಒಬ್ಬನೂ ತಿರುಗಲಿಲ್ಲ. ಕಡೆಗೆ ಅವನು ಫೋನ್ ತೆಗೆದ.

ಪಾಸ್‌ಪೋರ್ಟ್ ಬಂದಾಗ ಎರಡೂವರೆ. ನೆಲ್ಸನ್ ಶಾಲನ್ನು ಕುರ್ಚಿಯ ಮೇಲೆ ಹಾಕಿ ಏರ್‌ಪೋರ್ಟಿಗೆ ಓಡಿದ. ಅಲ್ಲಿಯವರೆಗೂ ಪ್ಲಗ್ಗನ್ನು ಮುಷ್ಟಿಯಲ್ಲೇ ಹಿಡಿದು ನಿಂತಿದ್ದ ನ್ಯಾನ್ಸಿ ಅದನ್ನು ಗೋಡೆಗೆ ಚುಚ್ಚಿದಳು.

"ಈಗ ಬಾರಿಸಿ," ಅಂದಳು.