ಏಲಕ್ಕಿ ಜಾಸ್ತಿ

ವಾಗ್ದೇವಿ ಮೊದಲ ಸಲ ಒಲೆಯ ಮುಂದೆ ಕೂತದ್ದು ಎಂಟನೆಯ ವಯಸ್ಸಿನಲ್ಲಿ, ಸೊರಬದ ತವರುಮನೆಯಲ್ಲಿ. ಅಜ್ಜಿ ಬೋರಲು ಹಾಕಿದ ಮಡಕೆಯ ಬೆನ್ನಿಗೆ ಕಬ್ಬಿನಹಾಲು ಬೆರೆಸಿದ ಅಕ್ಕಿಹಿಟ್ಟನ್ನು ಸವರಿ ತೊಡೆದೇವು ತೆಗೆಯುತ್ತಿದ್ದಳು. ಕಾಗದದಷ್ಟು ತೆಳ್ಳಗಿನ ಆ ಸಿಹಿಯನ್ನು ಹರಿಯದಂತೆ ಎಬ್ಬಿಸುವುದು ದೊಡ್ಡವರಿಗೂ ಕಷ್ಟ. ವಾಗ್ದೇವಿ ಹನ್ನೊಂದು ಹರಿದಳು. ಹನ್ನೆರಡನೆಯದು ಇಡಿಯಾಗಿ ಬಂತು. ಅಜ್ಜಿ ಅದನ್ನು ಮಡಚಿಟ್ಟು, "ಇನ್ನು ನೀನೇ ಕೂರು, ನಂಗೆ ಸೊಂಟ ನೋವು" ಎಂದು ಎದ್ದುಹೋದಳು.

ಹತ್ತನೆಯ ವಯಸ್ಸಿನಲ್ಲಿ ವಾರಪತ್ರಿಕೆಯೊಂದರಲ್ಲಿ ಕೇಕಿನ ಚಿತ್ರ ನೋಡಿದಳು. ಊರಲ್ಲಿ ಓವನ್ ಇರಲಿಲ್ಲ. ಬೋಗುಣಿಗೆ ಮರಳು ತುಂಬಿ, ಅದರೊಳಗೆ ಹಿಟ್ಟಿನ ಡಬ್ಬಿ ಹೂತು, ಮುಚ್ಚಳದ ಮೇಲೆ ಕೆಂಡ ಹರಡಿ ಬೇಯಿಸಿದಳು. ಬಂದ ವಸ್ತುವನ್ನು ಅಪ್ಪ ಚಾಕುವಿನಿಂದ ಕೊಯ್ಯಲು ನೋಡಿ, ಆಮೇಲೆ ತೆಂಗಿನಕಾಯಿ ಒಡೆಯುವ ಕತ್ತಿ ತರಿಸಿದರು. ಮನೆಯವರೆಲ್ಲ ಅದನ್ನು ಕಾಫಿಯಲ್ಲಿ ಅದ್ದಿ ತಿಂದರು. ಯಾರೂ ಬೈಯಲಿಲ್ಲ. ಮುಂದಿನ ಸಲ ಕೆಂಡ ಕಡಿಮೆ ಹಾಕಬೇಕು ಎಂದು ವಾಗ್ದೇವಿ ಅಂದುಕೊಂಡಳು. ಅಲ್ಲಿಂದ ನಲವತ್ತು ವರ್ಷ ಅವಳು ಅಡುಗೆಮನೆಯಲ್ಲಿ ಅಂದುಕೊಂಡದ್ದು ಹೆಚ್ಚಾಗಿ ಇಂಥದ್ದೇ.

ಗಂಡ ರಘುಪತಿ ಸೊರಬದಲ್ಲೇ ಸರ್ಕಾರಿ ಸರ್ವೆಯರ್. ಜನರ ಜಮೀನಿನ ಗಡಿಯನ್ನು ಅರ್ಧ ಅಡಿಯೂ ಆಚೀಚೆಯಾಗದಂತೆ ಅಳೆದು ಕೊಡುವ ಮನುಷ್ಯ. ಊಟದ ವಿಷಯದಲ್ಲಿ ಮಾತ್ರ ಅವನ ಬಳಿ ಒಂದೇ ಅಳತೆ ಇತ್ತು: "ಅಡ್ಡಿಲ್ಲ." ಮದುವೆಯಾದ ಮರುದಿನದ ಪಾಯಸಕ್ಕೂ ಅಡ್ಡಿಲ್ಲ, ಸೀದುಹೋದ ಪಲ್ಯಕ್ಕೂ ಅಡ್ಡಿಲ್ಲ. ಅವಳು ಓವನ್ ಕೊಂಡಾಗ ಅಡುಗೆಮನೆಯಲ್ಲಿ ಸರಿಯಾದ ಪ್ಲಗ್ ಇಲ್ಲವೆಂದು ಟಿವಿಯನ್ನು ಮಲಗುವ ಕೋಣೆಗೆ ಸಾಗಿಸಿ, ಓವನ್ನನ್ನು ಪಡಸಾಲೆಯಲ್ಲಿ ಪ್ರತಿಷ್ಠಾಪಿಸಬೇಕಾಯಿತು. ಅದಕ್ಕೂ ಅವನು ಅಡ್ಡಿಲ್ಲ ಎಂದೇ ಅಂದ. ಮನೆಗೆ ಬಂದವರು ಓವನ್ನಿನ ಎದುರು ಕೂತು ಮಾತಾಡಿ ಹೋಗುತ್ತಿದ್ದರು.

ವಾಗ್ದೇವಿಯ ಮೊಟ್ಟೆಯಿಲ್ಲದ ಕೇಕಿಗೆ, ಬೆಣ್ಣೆ ಬಿಸ್ಕತ್ತಿಗೆ ಊರಲ್ಲಿ ಹೆಸರಿತ್ತು. ಎಲ್ಲರಿಗಿಂತ ಹೆಚ್ಚು ಒಯ್ಯುತ್ತಿದ್ದವಳು ನೀಲಾಂಬಿಕ. ಶಿಕಾರಿಪುರದಿಂದ ದಿನಾ ಬಸ್ಸಿನಲ್ಲಿ ಸೊರಬದ ಕಾಲೇಜಿಗೆ ಪಾಠ ಮಾಡಲು ಬರುತ್ತಿದ್ದಳು. ಶನಿವಾರ ಮಧ್ಯಾಹ್ನ ಎರಡು ಡಬ್ಬಿ ಬಿಸ್ಕತ್ತು ಹಿಡಿದು ಮನೆಗೆ ಹೋಗುವುದು ಅವಳ ರೂಢಿ.

ಕಳೆದ ಡಿಸೆಂಬರಿನಲ್ಲಿ ವಾಗ್ದೇವಿಗೆ ಜ್ವರ ಬಂತು. ಐದು ದಿನಕ್ಕೆ ಜ್ವರ ಬಿಟ್ಟಿತು, ವಾಸನೆಯೂ ಬಿಟ್ಟಿತು. ಒಗ್ಗರಣೆ ಸಿಡಿಯುವುದು ಕೇಳಿಸುತ್ತಿತ್ತು, ಕಾಣಿಸುತ್ತಿತ್ತು, ಮೂಗಿಗೆ ಮಾತ್ರ ಏನೂ ಇಲ್ಲ. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ ಇಷ್ಟು ತಿಳಿಯುತ್ತಿತ್ತು. ಕಾಫಿ ಬರೀ ಕಹಿ ಬಿಸಿನೀರಿನಂತೆ ಇಳಿಯುತ್ತಿತ್ತು. ಶಿವಮೊಗ್ಗದ ಡಾಕ್ಟರು ಮೂಗಿನೊಳಗೆ ದೀಪ ಬಿಟ್ಟು ನೋಡಿ, "ಬರಬಹುದು, ಬರದೆಯೂ ಇರಬಹುದು. ದಿನಾ ಲವಂಗ, ನಿಂಬೆಹಣ್ಣು ಮೂಸ್ತಾ ಇರಿ" ಎಂದರು. ವಾಗ್ದೇವಿ ದಿನಾ ಮೂಸಿದಳು. ಲವಂಗವೂ ನಿಂಬೆಯೂ ಒಂದೇ ರೀತಿ ಇದ್ದವು.

ಇದನ್ನು ಅವಳು ಗಂಡನನ್ನು ಬಿಟ್ಟು ಯಾರಿಗೂ ಹೇಳಲಿಲ್ಲ. ಕೈಗೆ ಅಳತೆ ಗೊತ್ತಿದೆಯಲ್ಲ, ನಡೆದುಹೋಗುತ್ತದೆ ಎಂದು ಧೈರ್ಯ ತಂದುಕೊಂಡಳು.

ಫೆಬ್ರವರಿಯ ಒಂದು ಸೋಮವಾರ ನೀಲಾಂಬಿಕ ಡಬ್ಬಿ ವಾಪಸು ಕೊಡಲು ಬಂದಳು. ಡಬ್ಬಿ ಭಾರವಾಗಿತ್ತು. ಒಳಗೆ ಬಿಸ್ಕತ್ತು ಹಾಗೇ ಇತ್ತು.

"ಅಕ್ಕಾ, ತಪ್ಪು ತಿಳ್ಕಾಬ್ಯಾಡ್ರಿ" ಎಂದಳು ನೀಲಾಂಬಿಕ. "ಬೆಣ್ಣೆ ಸ್ವಲ್ಪ ಕಮಟಾಗೇತಿ ಅನ್ನಸ್ತೈತಿ. ನಮ್ಮ ಅಪ್ಪಾಜಿ ಬಾಯಿಗಿಟ್ಟು ಆಚೆ ಉಗುಳಿದ್ರು. ನೀವು ನೋಡೇ ಇರ್ತೀರಿ ಅಂತ ನಾನೂ ಸುಮ್ನಿದ್ದೆ. ಆದ್ರೂ ಹೇಳ್ಬೇಕಲ್ರಿ."

ವಾಗ್ದೇವಿ ಒಂದು ಬಿಸ್ಕತ್ತು ತೆಗೆದು ಮೂಸಿದಳು. ಮೂಸಿ ಪ್ರಯೋಜನವಿಲ್ಲ ಎಂದು ನೆನಪಾಗಿ ಕೆಳಗಿಟ್ಟಳು. ನೀಲಾಂಬಿಕ ಹೋದ ಮೇಲೆ ಅಡುಗೆಮನೆಯ ಡಬ್ಬಿಯಲ್ಲಿದ್ದ ಅದೇ ಬಿಸ್ಕತ್ತನ್ನು ತೆಗೆದು ನೋಡಿದಳು. ಮುಕ್ಕಾಲು ಡಬ್ಬಿ ಖಾಲಿಯಾಗಿತ್ತು.

ಸಂಜೆ ರಘುಪತಿ ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಬಿಸ್ಕತ್ತು ಕಮಟಾಗಿತ್ತಾ?"

"ಸ್ವಲ್ಪ ಹಾಗೆ ಅನ್ನಿಸ್ತು."

"ಎಷ್ಟು ತಿಂದ್ರಿ?"

"ದಿನಾ ನಾಲ್ಕು."

"ಹೇಳ್ಲಿಕ್ಕೆ ಏನಾಗಿತ್ತು?"

"ನೀನು ಕೇಳ್ಲಿಲ್ಲ" ಎಂದು ರಘುಪತಿ ಚಪ್ಪಲಿ ಬಿಟ್ಟು ಒಳಗೆ ಬಂದ.

ಮರುದಿನ ವಾಗ್ದೇವಿ ಓವನ್ನಿನ ಮೇಲೆ ಕಸೂತಿಯ ಬಟ್ಟೆ ಹೊದಿಸಿದಳು. ಕೇಕ್ ಬೇಕೆಂದು ಫೋನ್ ಮಾಡಿದವರಿಗೆಲ್ಲ ಕೈನೋವು ಎಂದಳು. ಅನ್ನ ಸಾರು ಮಾಡುವುದು, ಇಬ್ಬರೂ ಉಣ್ಣುವುದು, ಅಷ್ಟೇ ನಡೆಯಿತು. ಮಾರ್ಚ್ ಇಡೀ ಅವಳು ಪಡಸಾಲೆಯಲ್ಲಿ ಬೆನ್ನು ಓವನ್ನಿನ ಕಡೆ ಹಾಕಿಯೇ ಕೂತಳು. ರಘುಪತಿ ಮಾತಿನವನಲ್ಲ, ಆದರೆ ಇದನ್ನು ಗಮನಿಸಿದ. ಒಂದು ಭಾನುವಾರ ಬೆಳಿಗ್ಗೆ ತಾನೇ ಆ ಬಟ್ಟೆ ತೆಗೆದು ನಾಲ್ಕಾಗಿ ಮಡಚಿ ಕುರ್ಚಿಯ ಮೇಲಿಟ್ಟ.

"ನೀನು ಮಾಡು. ನಾನು ತಿಂದು ಹೇಳ್ತೇನೆ."

"ನೀವು ಏನು ಹೇಳೋದು? ಅಡ್ಡಿಲ್ಲ ಅಂತಾನಾ?"

"ಬೇರೆ ಏನಾದ್ರೂ ಇದ್ರೆ ಅದನ್ನೇ ಹೇಳ್ತೇನೆ, ಮಾರಾಯ್ತಿ."

ಅವಳು ಒಂದು ರವೆ ಕೇಕ್ ಮಾಡಿದಳು. ರಘುಪತಿ ಕನ್ನಡಕ ಹಾಕಿಕೊಂಡು, ತಟ್ಟೆಯನ್ನು ಒಮ್ಮೆ ತಿರುಗಿಸಿ, ಕಚೇರಿಯ ಪ್ಯಾಡಿನ ಹಾಳೆ ತೆಗೆದು ಬರೆಯತೊಡಗಿದ. ಬರೆದದ್ದನ್ನು ಸ್ಥಳ ಮಹಜರು ಓದುವ ಧ್ವನಿಯಲ್ಲಿ ಓದಿದ. "ಉತ್ತರಕ್ಕೆ ಎರಡು ಇಂಚು ಹೊತ್ತಿ ಖರಾಬು. ನಡುವೆ ಮೆತ್ತಗಿದೆ. ಸಿಹಿ ಸಾಕಷ್ಟು. ಏಲಕ್ಕಿ ಜಾಸ್ತಿ."

ಏಲಕ್ಕಿಯ ಪರಿಮಳ ಬರುತ್ತಿಲ್ಲವೆಂದು ತಾನು ಎರಡು ಕಾಯಿ ಹೆಚ್ಚಿಗೆ ಹಾಕಿದ್ದು ವಾಗ್ದೇವಿಗೆ ನೆನಪಾಯಿತು. ಪರವಾಗಿಲ್ಲ, ಈತ ಸರಿಯಾಗಿಯೇ ಹೇಳುತ್ತಿದ್ದಾನೆ ಎಂದು ಸಮಾಧಾನವೂ ಆಯಿತು.

"ಯಾವಾಗಿಂದ ಜಾಸ್ತಿ ಆಗ್ತಿದೆ? ಜ್ವರ ಬಂದ ಮೇಲಾ?"

ರಘುಪತಿ ಯೋಚಿಸಿದ. ಅವನು ಸುಳ್ಳು ಹೇಳುವವನಲ್ಲ.

"ಮದುವೆಯಾದಾಗಿಂದ" ಎಂದ.

ಅವನಿಗೆ ಏಲಕ್ಕಿ ಹಿಡಿಸುತ್ತಿರಲಿಲ್ಲ. ಚಿಕ್ಕಂದಿನಿಂದಲೂ. ಇಪ್ಪತ್ತಾರು ವರ್ಷ ಪಾಯಸ, ಹೋಳಿಗೆ, ಕೇಕು, ಉಂಡೆ ಎಲ್ಲದರಲ್ಲೂ ಅವನು ಅದನ್ನು ತಿಂದಿದ್ದ.

"ನಿಂಗೆ ಅಷ್ಟು ಇಷ್ಟ. ನಾನು ಹೇಳಿ ಯಾಕೆ ಕೆಡಿಸ್ಬೇಕು ಅಂತ" ಎಂದ.

ವಾಗ್ದೇವಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಎರಡು ದಿನ ಮಾತಾಡಲಿಲ್ಲ. ಅವಳಿಗೆ ಸಿಟ್ಟು ಬಂದದ್ದು ಏಲಕ್ಕಿಯ ವಿಷಯಕ್ಕಲ್ಲ. ಇಷ್ಟು ವರ್ಷ ಬಡಿಸುವಾಗ ಅವನ ಮುಖ ನೋಡಿದ್ದಳು, ಆ ಮುಖದಲ್ಲಿ ಸಂತೋಷವಿದೆ ಎಂದು ತಾನೇ ಅಂದುಕೊಂಡಿದ್ದಳು. ಮೂಗು ಕೆಟ್ಟದ್ದು ಈಗ. ಅದಕ್ಕೂ ಮೊದಲೇ ತನಗೇನೂ ತಿಳಿಯುತ್ತಿರಲಿಲ್ಲ ಎಂದು ಅನಿಸಿ ಹಿತ್ತಲಿನ ಕಟ್ಟೆಯ ಮೇಲೆ ಕೂತು ಸ್ವಲ್ಪ ಅತ್ತಳು. ಮೂರನೆಯ ದಿನ ಅಕ್ಕಿ ಪಾಯಸ ಮಾಡಿ, ಏಲಕ್ಕಿ ಹಾಕದೆ ಬಡಿಸಿದಳು. ರಘುಪತಿ ಮೂರು ಸಲ ಹಾಕಿಸಿಕೊಂಡ. ಅವನು ಮೂರು ಸಲ ಹಾಕಿಸಿಕೊಂಡದ್ದನ್ನು ಅವಳು ಅದೇ ಮೊದಲು ನೋಡಿದ್ದು.

"ಇನ್ನು ಯಾವುದ್ಯಾವುದು ಆಗಲ್ಲ ನಿಮಗೆ? ಎಲ್ಲಾ ಈಗ್ಲೇ ಹೇಳಿಬಿಡಿ" ಎಂದಳು.

ಅವನು ಹೇಳಿದ. ಮೆಂತ್ಯ, ಹಾಗಲಕಾಯಿ, ಬಾಳೆದಿಂಡು, ಅವಳ ಅಮ್ಮ ಕಳಿಸುತ್ತಿದ್ದ ನೆಲ್ಲಿಕಾಯಿ ಉಪ್ಪಿನಕಾಯಿ. ಹೇಳಿ ಮುಗಿಸಲು ಮಜ್ಜಿಗೆಯ ತನಕ ಹಿಡಿಯಿತು.

ಅದಾದ ಮೇಲೆ ವಾರಕ್ಕೆ ಎರಡು ಸಲ ಓವನ್ ಹಚ್ಚಿದರು. ಅವನು ಬೆಣ್ಣೆ ಮೂಸಿ ಕೊಡುತ್ತಿದ್ದ, ತಿಂದು ಹೇಳುತ್ತಿದ್ದ. ಅವಳು ಬೇರೆ ದಾರಿ ಕಲಿತಳು. ಬೆಂದ ಕೇಕನ್ನು ಹೊರತೆಗೆದು ಕಿವಿಯ ಹತ್ತಿರ ಹಿಡಿದರೆ ಒಳಗೆ ಚಿಟಿಚಿಟಿ ಸದ್ದು ಕೇಳಿಸುತ್ತದೆ. ಸದ್ದು ಜೋರಾಗಿದ್ದರೆ ಇನ್ನೂ ಹಸಿ, ಸಣ್ಣಗಾಗಿದ್ದರೆ ಆಗಿದೆ. ಬೆರಳಿನಿಂದ ಒತ್ತಿದರೆ ಮೇಲೆದ್ದು ಬರಬೇಕು. ಹೀಗೆ ಹತ್ತು ಹನ್ನೆರಡು ಕೇಕ್ ಆದ ಮೇಲೆ ನೀಲಾಂಬಿಕಳಿಗೆ ಫೋನ್ ಮಾಡಿ, ಮೂಗಿನ ಸಂಗತಿಯನ್ನು ಪೂರ್ತಿ ಹೇಳಿದಳು.

"ಮೊದ್ಲೇ ಹೇಳಿದ್ರೆ ನಾನೇ ಬೆಣ್ಣಿ ತಂದ್ಕೊಡ್ತಿದ್ನಲ್ರಿ ಅಕ್ಕಾ" ಎಂದಳು ನೀಲಾಂಬಿಕ. ಆಮೇಲೆ, "ಬರೋ ತಿಂಗ್ಳು ಅಪ್ಪಾಜಿಗೆ ಎಂಬತ್ತು ತುಂಬ್ತೈತಿ. ಕೇಕ್ ನೀವೇ ಮಾಡ್ಬೇಕು" ಎಂದಳು.

"ಅವರು ಉಗುಳಿದ್ರಂತಲ್ಲ."

"ಅವ್ರು ನನ್ನ ಅಡಿಗೀನೂ ಉಗುಳ್ತಾರ್ರಿ."

ಕೇಕನ್ನು ಮಡಿಲಲ್ಲಿಟ್ಟುಕೊಂಡು ಗಂಡ ಹೆಂಡತಿ ಬಸ್ಸಿನಲ್ಲಿ ಶಿಕಾರಿಪುರಕ್ಕೆ ಹೋದರು. ನೀಲಾಂಬಿಕಳ ತಂದೆ ಪಂಚಾಕ್ಷರಪ್ಪ ಹಳೆಯ ವ್ಯಾಪಾರಸ್ಥರು. ಹಣೆಯ ತುಂಬ ವಿಭೂತಿ, ಬಾಯಲ್ಲಿ ಆರು ಹಲ್ಲು. ಮೂಗಿನ ಸುದ್ದಿ ಮನೆ ತುಂಬ ಹರಡಿತ್ತು. ಬಂದ ನೆಂಟರಲ್ಲಿ ಏಳು ಜನ ವಾಗ್ದೇವಿಗೆ ಏಳು ಮದ್ದು ಹೇಳಿದರು. ಪಂಚಾಕ್ಷರಪ್ಪ ಕೇಕ್ ಕೊಯ್ದು, ಒಂದು ತುಂಡನ್ನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡರು. ನುಂಗಿದರು. ನೀಲಾಂಬಿಕ ಉಸಿರು ಬಿಟ್ಟಳು.

"ಹೆಂಗೈತ್ರಿ ಸರ್ವೆಯರ್ರೆ?" ಎಂದು ಅವರು ರಘುಪತಿಯನ್ನು ಕೇಳಿದರು.

ಎಲ್ಲರೂ ನೋಡುತ್ತಿದ್ದರು. ರಘುಪತಿ ತನ್ನ ತುಂಡನ್ನು ಮುಗಿಸಿ, "ನಡುವೆ ಸ್ವಲ್ಪ ಒಣಗಿದೆ" ಎಂದ.

"ನಂಗೂ ಹಂಗ ಅನ್ನಸ್ತು" ಎಂದರು ಪಂಚಾಕ್ಷರಪ್ಪ, ಮತ್ತೆ ತಟ್ಟೆ ಮುಂದೆ ಮಾಡಿ. ಅವರ ಸೊಸೆ ಸಕ್ಕರೆ ಕಾಯಿಲೆಯನ್ನು ನೆನಪಿಸಿದಳು. ಅವರಿಗೆ ಅದು ಕೇಳಿಸಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ಖಾಲಿ ಡಬ್ಬಿ ಕಾಲ ಕೆಳಗಿತ್ತು.

"ಹಸಿ ಉಳಿದೀತು ಅಂತ ಹೆದರಿ ಐದು ನಿಮಿಷ ಜಾಸ್ತಿ ಇಟ್ಟೆ" ಎಂದಳು ವಾಗ್ದೇವಿ.

"ಎರಡು ನಿಮಿಷ ಸಾಕಿತ್ತು."

"ನಿಮಗೇನು ಗೊತ್ತು?"

"ಮೊನ್ನೆ ಮಂಗಳವಾರದ್ದು ನೀನು ಎರಡೇ ನಿಮಿಷ ಜಾಸ್ತಿ ಇಟ್ಟಿದ್ದೆ. ಅದು ಚೆನ್ನಾಗಿತ್ತು."

ಚೆನ್ನಾಗಿತ್ತು ಎಂಬ ಮಾತಿಗೆ ವಾಗ್ದೇವಿ ತಿರುಗಿ ನೋಡಿದಳು. ಅವನು ಕಿಟಕಿಯ ಹೊರಗೆ ಯಾರದೋ ಹೊಲದ ಬೇಲಿ ನೋಡುತ್ತಿದ್ದ. ಮಂಗಳವಾರದ ಕೇಕಿಗೆ ಹಾಕಿದ ಮೊಸರು ಹುಳಿಯಾಗಿತ್ತು, ಅದಕ್ಕೇ ಮೆತ್ತಗೆ ಬಂದದ್ದು ಎಂದು ಅವಳು ವಾದಿಸಿದಳು. ಮೊಸರಲ್ಲ, ಬೇಯಿಸಿದ ತಟ್ಟೆ ಸಣ್ಣದು ಎಂದು ಅವನು. ಶಿರಾಳಕೊಪ್ಪದಲ್ಲಿ ಬಸ್ಸು ಇಪ್ಪತ್ತು ನಿಮಿಷ ನಿಂತಿತು. ಇಬ್ಬರೂ ಇಳಿಯಲಿಲ್ಲ. ತಟ್ಟೆಯ ಮಾತು ಮುಗಿದಿರಲಿಲ್ಲ.