ಹಗೇವಿನ ಬಾಯಿ

ಸೊರಬದಲ್ಲಿ ಆ ಇಂಗ್ಲಿಷ್ ಚಿತ್ರ ನೋಡಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ದಿನವಲ್ಲ, ಆರು ದಿನ. ಗುಹೆಯ ಕತ್ತಲಿನಿಂದ ಭೂತ ಹೊರಬಂದು ಕೈ ಚಾಚಿದಾಗಲಂತೂ ನೆಲದ ಕ್ಲಾಸಿನಲ್ಲಿದ್ದವನೊಬ್ಬ ಎದ್ದು ನಿಂತು, "ಗೋಣಿ ಕೊಪ್ಪೆ ಹಾಕ್ಕೊಂಡು ಬಂದಿದಾನಲ್ಲ ಮಾರಾಯ್ರೆ, ಹೊರಗೆ ಮಳೆಯಾ?" ಎಂದು ಕೂಗಿದ. ಇಡೀ ಟೆಂಟು ಬಿದ್ದು ಬಿದ್ದು ನಕ್ಕಿತು.

ಬೈಸಿಕೊಂಡವನು ನಾನು. ನನ್ನ ಹೆಸರು ಬೆನಕಪ್ಪ. ಟೂರಿಂಗ್ ಟಾಕೀಸಿನಲ್ಲಿ ಟಿಕೆಟ್ ಹರಿಯುವುದು ನನ್ನ ಕೆಲಸ. ಇಂಗ್ಲಿಷ್ ಚಿತ್ರ ಬಂದಾಗ ಪರದೆಯ ಪಕ್ಕ ಮೈಕು ಹಿಡಿದು ನಿಂತು ಕನ್ನಡದಲ್ಲಿ ಕಥೆ ಹೇಳುವುದೂ ನನ್ನದೇ. ನನಗೆ ಇಂಗ್ಲಿಷ್ ಬರುತ್ತದೆಂದು ಮಾಲೀಕರಾದ ಸದಾಶಿವಪ್ಪನವರು ನಂಬಿದ್ದರು. ಆ ನಂಬಿಕೆಯನ್ನು ಕೆಡಿಸಲು ನಾನು ಹೋಗಿರಲಿಲ್ಲ.

"ಹೆದರ್ಸೋ ಚಿತ್ರಕ್ಕೆ ಜನ ನಗ್ತಾರ ಅಂದ್ರ ತಪ್ಪು ನಿಂದಲೇ. ಭೂತ ಬಂದಾಗ ಜೋರಾಗಿ ಕೂಗೋ," ಎಂದರು ಸದಾಶಿವಪ್ಪನವರು.

ಕೂಗಿದೆ. ಇನ್ನೂ ಜೋರಾಗಿ ನಕ್ಕರು.

ಆ ಚಿತ್ರದ ಹೆದರಿಕೆ ಭೂತದಲ್ಲಿ ಇರಲಿಲ್ಲ ಎಂದು ನನಗೆ ಮೊದಲ ದಿನವೇ ಗೊತ್ತಾಗಿತ್ತು. ಭೂತ ಬರುವುದಕ್ಕೆ ಮುಂಚೆ ಒಂದು ಭಾಗವಿದೆ. ನಾಲ್ಕು ಜನ ಬಂಡೆಯ ಸಂದಿಯಲ್ಲಿ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗುತ್ತಾರೆ. ಮುಂದಿನವನ ಭುಜ ಸಿಕ್ಕಿಕೊಳ್ಳುತ್ತದೆ. ತಿರುಗಲು ಜಾಗವಿಲ್ಲ, ಹಿಂದೆ ಬರಲು ದಾರಿಯಿಲ್ಲ. ಅವನ ಕೈಯ ದೀಪ ಸಣ್ಣದಾಗುತ್ತಾ ಹೋಗುತ್ತದೆ. ಹಿಂದಿದ್ದವನು ಏನೋ ಹೇಳಿ ಅವನನ್ನು ಮುಂದಕ್ಕೆ ನೂಕುತ್ತಾನೆ. ಆಗ ವಾದ್ಯವೂ ಇಲ್ಲ, ಬರೀ ಉಸಿರಾಟದ ಸದ್ದು. ಆ ಹೊತ್ತಿನಲ್ಲಿ ನಾನು ಪರದೆಗೆ ಬೆನ್ನು ಹಾಕಿ ನಿಲ್ಲುತ್ತಿದ್ದೆ. ಹಿಂದಿನವನು ಏನು ಹೇಳುತ್ತಾನೆಂದು ನನಗೆ ತಿಳಿಯುತ್ತಿರಲಿಲ್ಲ. ಆದರೂ ಮೈಕಿನಲ್ಲಿ ನನ್ನ ಬಾಯಿಗೆ ಬರುತ್ತಿದ್ದ ಮಾತು ಒಂದೇ: "ಎಣ್ಣೆ ಮುಗಿದೈತಿ ಅಷ್ಟೆ, ಏನೂ ಆಗಂಗಿಲ್ಲ, ಹೋಗು."

ಸೊರಬದವರು ಆಗ ಕಡಲೆಕಾಯಿ ಸುಲಿಯುತ್ತಿದ್ದರು. ಅವರನ್ನು ಬೈದು ಫಲವಿಲ್ಲ. ಆ ಕಡೆ ಮೊಳ ಅಗೆದರೆ ನೀರು. ಭತ್ತವನ್ನು ಮನೆಯೊಳಗೇ ಇಟ್ಟುಕೊಳ್ಳುತ್ತಾರೆ. ನಮ್ಮದು ಶಿಕಾರಿಪುರದಿಂದ ಎರಡು ಮೈಲಿ ಮೂಡಲಿಗಿರುವ ಊರು. ಅಂಜನಾಪುರದ ಕಾಲುವೆ ನಮ್ಮ ದಿಬ್ಬದ ಹೊಲಗಳಿಗೆ ಹತ್ತುವುದಿಲ್ಲ. ನಾವು ಜೋಳ ಬೆಳೆದು ಹಗೇವಿನಲ್ಲಿ ತುಂಬುವವರು. ಹಗೇವು ಎಂದರೆ ನೆಲದೊಳಗಿನ ಕಣಜ: ಎರಡಾಳು ಆಳ, ಒಳಗೆ ಕೋಣೆಯಷ್ಟು ಅಗಲ, ಬಾಯಿ ಮಾತ್ರ ಒಬ್ಬ ಮನುಷ್ಯ ಭುಜ ಒತ್ತಿಕೊಂಡು ಇಳಿಯುವಷ್ಟು. ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ಒಳಗಿನ ಗಾಳಿ ಕೆಟ್ಟು ವಿಷವಾಗುತ್ತದೆ. ಅದಕ್ಕೇ ತೆಗೆದ ಕೂಡಲೇ ಯಾರೂ ಇಳಿಯುವುದಿಲ್ಲ. ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡುತ್ತಾರೆ. ಉರಿದರೆ ಇಳಿಯಬಹುದು. ಆರಿದರೆ ಬಾಯಿ ತೆರೆದಿಟ್ಟು ಮರುದಿನದವರೆಗೆ ಕಾಯಬೇಕು.

ನನಗೆ ಚಿಕ್ಕಂದಿನಿಂದ ಹಗೇವೆಂದರೆ ಪ್ರಾಣಭಯ. ಊರಿಗೆಲ್ಲ ಇದು ಗೊತ್ತಿತ್ತು, ನಗುತ್ತಿದ್ದರು. ನನ್ನ ಸರದಿ ಬಂದಾಗೆಲ್ಲ ನನ್ನಣ್ಣ ಪರಮಶಿವಪ್ಪ, "ಬಿಡೋ, ನಾನೇ ಇಳೀತೀನಿ," ಅನ್ನುತ್ತಿದ್ದ.

ಮೂರು ವರ್ಷದ ಹಿಂದೆ, ಐವತ್ತೈದರಲ್ಲಿ, ಯುಗಾದಿ ಕಳೆದ ವಾರ ಮನೆಯಲ್ಲಿ ಜೋಳ ಮುಗಿದಿತ್ತು. ಅಣ್ಣ ಮರುದಿನ ಮದುವೆಗೆಂದು ಕುಬಟೂರಿಗೆ ಹೊರಡುವವನಿದ್ದ; ತಿರುಗಿ ಬರುವುದು ನಾಲ್ಕು ದಿನದ ಮೇಲೆ. ಹೊತ್ತೇರುವ ಮುಂಚೆ ನಾವಿಬ್ಬರೇ ಚಪ್ಪಡಿ ಸರಿಸಿದೆವು. ನಾನು ಲಾಟೀನು ಇಳಿಬಿಟ್ಟೆ. ಅರ್ಧಕ್ಕೆ ಹೋಗುವಷ್ಟರಲ್ಲಿ ಆರಿತು. ಮೇಲಕ್ಕೆ ಎಳೆದುಕೊಂಡೆ.

"ಯಾಕ ಆರ್ತು?" ಎಂದ ಅಣ್ಣ, ನಡುವಿಗೆ ಹಗ್ಗ ಕಟ್ಟಿಕೊಳ್ಳುತ್ತಾ.

ನಾನು ಲಾಟೀನನ್ನು ಮೆಲ್ಲಗೆ ಅಲ್ಲಾಡಿಸಿದೆ. ಗುಳಗುಳ ಎಂದಿತು. ಎಣ್ಣೆ ಇತ್ತು. ಆ ಒಂದು ಕ್ಷಣದಲ್ಲಿ ನನ್ನ ತಲೆಗೆ ಬಂದದ್ದು ಇಷ್ಟೇ: ಇವತ್ತು ಬೇಡವೆಂದರೆ ನಾಳೆ ಅಣ್ಣ ಇರುವುದಿಲ್ಲ, ನಾನೇ ಇಳಿಯಬೇಕು. ಬಾಯಿಯ ಅಂಚಿಗೆ ತಗುಲಿ ಆರಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ.

"ಎಣ್ಣೆ ಮುಗಿದೈತಿ ಅಷ್ಟೆ," ಅಂದೆ. "ಏನೂ ಆಗಂಗಿಲ್ಲ, ಇಳಿಯಣ್ಣ."

ಅಣ್ಣ ಇಳಿದ. ಒಮ್ಮೆ ಕೆಮ್ಮಿದ. ಮತ್ತೆ ಸದ್ದಿಲ್ಲ. ಹಗ್ಗ ಜಗ್ಗಿದೆ, ಬರಲಿಲ್ಲ. ಅವನ ಭಾರ ನನ್ನೊಬ್ಬನಿಂದ ಏಳಲಿಲ್ಲ. ಕೂಗಿಕೊಂಡೆ. ಜನ ಓಡಿಬರುವುದರೊಳಗೆ ಇನ್ನೊಂದು ಕೆಲಸ ಮಾಡಿದೆ. ಲಾಟೀನಿನ ಎಣ್ಣೆಯನ್ನು ಬಣವೆಯ ಬುಡಕ್ಕೆ ಸುರಿದುಬಿಟ್ಟೆ. ಇದನ್ನು ಹೇಳುವಾಗ ಈಗಲೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಜನ ಅಣ್ಣನನ್ನು ಮೇಲಕ್ಕೆ ಎಳೆದಾಗ ಅವನಲ್ಲಿ ಉಸಿರಿರಲಿಲ್ಲ. ಲಾಟೀನಿಗೆ ಎಣ್ಣೆ ಹಾಕುವುದು ಅತ್ತಿಗೆ ಮಹಾದೇವಮ್ಮನವರ ಕೆಲಸ. ಊರವರು ಖಾಲಿ ಲಾಟೀನು ನೋಡಿದರು, ಆಮೇಲೆ ಅವರ ಮುಖ ನೋಡಿದರು. ಅತ್ತಿಗೆ, "ಹಾಕಿದ್ದೆ ಅಂತ ನೆನಪು. ಹಾಕಿಲ್ಲೇನೋ," ಅಂದರು. ಅಷ್ಟೇ. ಅವತ್ತಿನಿಂದ ದಿನವೂ ಸಂಜೆ ಲಾಟೀನಿಗೆ ತುಂಬಿ ತುಳುಕುವಷ್ಟು ಎಣ್ಣೆ ಹೊಯ್ಯುತ್ತಿದ್ದರು. ಚೆಲ್ಲಿದ್ದನ್ನು ಸೆರಗಿನಿಂದ ಒರೆಸುತ್ತಿದ್ದರು. ಮೂರು ವರ್ಷದಿಂದ ಅವರ ಸೆರಗು ಸೀಮೆಎಣ್ಣೆ ನಾರುತ್ತಿತ್ತು. ನಾನು ಆ ಮನೆಯಲ್ಲೇ, ಅವರು ಬಡಿಸಿದ್ದನ್ನೇ ಉಣ್ಣುತ್ತಿದ್ದೆ. ಹಗೇವನ್ನು ಮಾತ್ರ ಅವತ್ತೇ ಮುಚ್ಚಿದ್ದು, ಮತ್ತೆ ಯಾರೂ ತೆಗೆದಿರಲಿಲ್ಲ.

ಸೊರಬದಿಂದ ಚಿತ್ರ ಶಿಕಾರಿಪುರಕ್ಕೆ ಬಂದಾಗ, "ಇದು ನೀವು ನೋಡೋ ಹಂಗಿಲ್ಲ ಅತ್ತಿಗೆ," ಅಂದಿದ್ದೆ. ಅವರಿಗೂ ಆಸೆ ಇರಲಿಲ್ಲ. ಆದರೆ ಪಕ್ಕದ ಮನೆಯ ಹಾಲಮ್ಮ, "ಎಷ್ಟು ದಿನ ಒಳಗ ಕುಂದ್ರತೀಯವ್ವಾ," ಎಂದು ಮೊದಲ ಆಟಕ್ಕೇ ಕೈ ಹಿಡಿದು ಕರೆತಂದಳು. ಹೆಂಗಸರಿಗೆಂದು ಕಟ್ಟಿದ ಅಡ್ಡಪರದೆಯ ಪಕ್ಕದಲ್ಲಿ ಅವರು ಕೂತದ್ದು ನನಗೆ ಕಂಡಿತು. ಕಂಡರೂ ಏನು ಮಾಡಲಿ? ಆಟ ಶುರುವಾಗಿತ್ತು.

ಬಂಡೆಯ ಸಂದಿ ಬಂತು. ನಾನು ಎಂದಿನಂತೆ ಬೆನ್ನು ಹಾಕಿ ಜನರ ಕಡೆ ತಿರುಗಿದೆ. ಕಡಲೆಕಾಯಿಯ ಸದ್ದಿಲ್ಲ. ಟೆಂಟಿನ ಹಿಂದೆ ಕರೆಂಟಿನ ಎಂಜಿನ್ ಓಡುವುದೊಂದೇ ಕೇಳುತ್ತಿತ್ತು. ಮುದುಕನೊಬ್ಬ ತಟ್ಟನೆ ಎದ್ದು ಪರದೆಗೆ ಕೈ ಮಾಡಿ ಕೂಗಿದ: "ಮುಂದ ಹೋಗಬ್ಯಾಡೋ! ದೀಪ ಸಣ್ಣಾತು, ಹೊಳ್ಳಿ ಬಾರೋ!"

ಯಾರೂ ನಗಲಿಲ್ಲ. "ಹೌದಲ್ರೀ, ಗಾಳಿ ಕೆಟ್ಟೈತಿ," ಎಂದು ಇನ್ನಿಬ್ಬರು ಎದ್ದರು. ಭೂತ ಬರುವುದು ಇನ್ನೂ ದೂರವಿತ್ತು. ಪರದೆಯಲ್ಲಿ ಹಿಂದಿನವನು ಏನೋ ಹೇಳಿದ. ರೂಢಿಯ ಮೇಲೆ ನನ್ನ ಬಾಯಿ ತಾನಾಗಿ ಆಡಿಬಿಟ್ಟಿತು: "ಎಣ್ಣೆ ಮುಗಿದೈತಿ ಅಷ್ಟೆ, ಏನೂ ಆಗಂಗಿಲ್ಲ, ಹೋಗು."

ಹೆಂಗಸರ ಕಡೆಯಿಂದ ಅಳು ಕೇಳಿತು. ಅದು ದೊಡ್ಡ ಅಳುವಲ್ಲ, ಬಾಯಿಗೆ ಸೆರಗು ತುರುಕಿಕೊಂಡು ಅಳುವವರ ಸದ್ದು. ಅಡುಗೆಮನೆಯ ಗೋಡೆಯಾಚೆಯಿಂದ ಅದನ್ನು ಮೂರು ವರ್ಷ ಕೇಳಿದ್ದೇನೆ. ಮೈಕು ಇನ್ನೂ ಬಾಯಿಯ ಹತ್ತಿರವೇ ಇತ್ತು.

"ಸುಳ್ಳು," ಅಂದೆ. "ಅವನು ಹೇಳಿದ್ದು ಸುಳ್ಳು. ಎಣ್ಣೆ ಇತ್ತು. ಲಾಟೀನ್‌ನಾಗ ಎಣ್ಣೆ ಇತ್ತು, ಅತ್ತಿಗೆ."

ಜನ ಅದನ್ನೂ ಕಥೆಯೆಂದೇ ತಿಳಿದರು. "ಥೂ, ಪಾಪಿ!" ಎಂದು ಪರದೆಯ ಮೇಲಿನವನಿಗೆ ಶಾಪ ಹಾಕಿದರು. ರೀಲು ಮುಗಿದು ಬೆಳಕು ಬಂದಾಗ ಹಾಲಮ್ಮನ ಪಕ್ಕದ ಜಾಗ ಖಾಲಿಯಿತ್ತು. ಸದಾಶಿವಪ್ಪನವರು ನನ್ನ ಬೆನ್ನು ತಟ್ಟಿ, "ಇವತ್ತು ಹೆದರಿಸಿದಿ ನೋಡು!" ಅಂದರು.

ನಾನು ಮನೆಗೆ ಬಂದಾಗ ಅತ್ತಿಗೆ ಲಾಟೀನು ಹಿಡಿದು ಕಟ್ಟೆಯ ಮೇಲೆ ಕೂತಿದ್ದರು. ಎದ್ದು ಬಂದು ಅದನ್ನು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು.

"ಕೇಳಿಸ್ತೇನು?"

"ಕೇಳಿಸ್ತು."

"ಅವತ್ತೂ ಕೇಳಿಸಿತ್ತೇನು?"

"ಕೇಳಿಸಿತ್ತು, ಅತ್ತಿಗೆ."

ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಕಾದೆ. "ನಾಳೆ ಹಗೇವು ತೆಗಸ್ತೀನಿ. ನಾಡಿದ್ದು ನೀನು ಇಳಿ," ಎಂದು ಹೇಳಿ ಒಳಗೆ ಹೋದರು.

ಮೂರನೆಯ ದಿನ ಬೆಳಿಗ್ಗೆ ಹಗ್ಗ ಹಿಡಿಯಲು ಹಾಲಮ್ಮನ ಗಂಡ ಪುಟ್ಟಪ್ಪ ಬಂದ. ಲಾಟೀನನ್ನು ಅತ್ತಿಗೆಯೇ ಇಳಿಬಿಟ್ಟರು. ನಾನು ಬಗ್ಗಿ ನೋಡಲು ಹೋದೆ. ಕೈ ಅಡ್ಡ ಹಿಡಿದರು.

"ನೋಡಬ್ಯಾಡ. ಅವತ್ತು ನಿಮ್ಮಣ್ಣ ನೋಡಿದ್ರೇನು? ನೀ ಹೇಳಿದ್ದು ನಂಬಿದ್ರು."

"ದೀಪ ಉರೀತೈತೇನ್ರಿ, ಅತ್ತಿಗೆ?"

ಅವರು ಬಹಳ ಹೊತ್ತು ಕೆಳಗೆ ನೋಡಿದರು. ಅಷ್ಟು ಹೊತ್ತು ಯಾಕೆಂದು ನನಗೆ ಅರ್ಥವಾಯಿತು.

"ಉರೀತೈತಿ. ಇಳಿ."

ಇಳಿದೆ. ಬಾಯಿಯಲ್ಲಿ ಭುಜ ಸಿಕ್ಕಿಕೊಂಡಿತು. ಉಸಿರು ಪೂರಾ ಬಿಟ್ಟರೆ ಮಾತ್ರ ಮೈ ಜಾರುತ್ತಿತ್ತು. ಬಿಟ್ಟ ಉಸಿರನ್ನು ಮತ್ತೆ ಎಳೆದುಕೊಳ್ಳಲು ಧೈರ್ಯವಾಗಲಿಲ್ಲ. ಎದೆ ಉರಿಯುವವರೆಗೂ ತಡೆದೆ. ಕಾಲಿಗೆ ಮುಗ್ಗಿದ ಜೋಳ ತಗುಲಿತು. ಕೆಳಗೆ ಲಾಟೀನು ಉರಿಯುತ್ತಿತ್ತು. ನಾನು ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತೆ.

ಮೇಲೆ ನೋಡಿದೆ. ತಟ್ಟೆಯಷ್ಟು ಆಕಾಶ, ಅದರಲ್ಲಿ ಕಪ್ಪಗೆ ಒಂದು ತಲೆ. ಕಣ್ಣು ಮೂಗು ಏನೂ ಕಾಣುವುದಿಲ್ಲ. ಅಣ್ಣ ಕೊನೆಗೆ ನೋಡಿದ್ದು ಇದನ್ನೇ, ನನ್ನನ್ನು.

"ಉಸಿರು ಆಡತೈತೇನು?" ಮೇಲಿನಿಂದ ಕೇಳಿದರು.

"ಆಡತೈತಿ, ಅತ್ತಿಗೆ."

"ಹಂಗಾರ ಜೋಳ ತುಂಬು."

ಸಂಜೆಯವರೆಗೆ ಬುಟ್ಟಿಗೆ ತುಂಬಿ ಮೇಲೆ ಕಳಿಸಿದೆ. ನಡುವೆ ಅತ್ತಿಗೆ ಲಾಟೀನನ್ನು ಎಳೆದುಕೊಂಡರು. ಮೇಲೆ ಬಂದಾಗ ಹಗ್ಗ ಹಿಡಿದ ಪುಟ್ಟಪ್ಪ, ಹಾಲಮ್ಮ ಇಬ್ಬರೇ ಇದ್ದರು. ಅತ್ತಿಗೆ ಸೀರೆ ಗಂಟು ಕಟ್ಟಿಕೊಂಡು ತವರಿಗೆ ಹೋಗಿದ್ದರು. ನನಗೆ ಏನೂ ಹೇಳಿ ಹೋಗಿರಲಿಲ್ಲ. ಲಾಟೀನು ಹೊಸ್ತಿಲ ಮೇಲಿತ್ತು, ಗಾಜನ್ನು ಒರೆಸಿಟ್ಟಿದ್ದರು. ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಮೂರು ವರ್ಷದಲ್ಲಿ ಮೊದಲ ಸಲ ಅವರು ಅದಕ್ಕೆ ಎಣ್ಣೆ ಹಾಕಿರಲಿಲ್ಲ.